ಮೊದಲ ಬಸ್ಸಿಗೆ ಹೊರಡುವ ತಾಯಿ ಕೂಸನ್ನು ಎಲ್ಲಿ ಬಿಡಬೇಕು?

ಮಾನ್ಯರೇ,

ನಮ್ಮ ಜಿಲ್ಲೆಯ ಮಕ್ಕಳ ಏಳಿಗೆಯ ಹೊಣೆ ಹೊತ್ತ ಅಧಿಕಾರಿ ತಾವು. ಆದ್ದರಿಂದ ಪ್ರಶ್ನೆಯನ್ನು ಸುತ್ತಿ ಬಳಸದೆ ತಮ್ಮ ಮುಂದಿಡುತ್ತೇನೆ. ಬೆಳಗಿನ ಮೊದಲ ಬಸ್ಸಿಗೆ ಹೊರಡಬೇಕಾದ ತಾಯಿ ತನ್ನ ಕೂಸನ್ನು ಎಲ್ಲಿ ಬಿಡಬೇಕು? ರಾಯಚೂರಿನಲ್ಲಿ ಬೈಕು ಬಿಡಲು ಜಾಗವಿದೆ, ಗುಡಿಯ ಮುಂದೆ ಚಪ್ಪಲಿ ಬಿಡಲು ಜಾಗವಿದೆ, ಅವನ್ನು ಕಾಯಲು ಜನವೂ ಇದ್ದಾರೆ. ಕೂಸನ್ನು ಬಿಡಲು ಮಾತ್ರ ನನ್ನ ಸಂಬಳಕ್ಕೆ ಎಟಕುವ ಒಂದು ಜಾಗ ಈ ಊರಿನಲ್ಲಿ ನನಗೆ ಸಿಕ್ಕಿಲ್ಲ. ಹುಡುಕಿ ಸಾಕಾಗಿದೆ. ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ಉಳಿದಿಲ್ಲ. ಹಾಗಾಗಿ ಈ ಪತ್ರದಲ್ಲಿ ಏರುದನಿ ಕಂಡರೆ ಅದು ಅಭ್ಯಾಸಬಲ ಎಂದು ತಿಳಿಯಿರಿ. ನಾನು ಬಸ್ಸಿನ ಕಂಡಕ್ಟರ್.

ನನ್ನ ಹೆಸರು ಮೌನೇಶ್ವರಿ. ಹುಟ್ಟಿದ್ದು ಅರಕೇರಾ, ದುಡಿಯುವುದು ರಾಯಚೂರು–ದೇವದುರ್ಗ ಮಾರ್ಗದಲ್ಲಿ. ನಮ್ಮ ಮನೆತನದಲ್ಲಿ ತಿಂಗಳ ಸಂಬಳ ಪಡೆದ ಮೊದಲ ಹೆಂಗಸು ನಾನೇ. ನನ್ನ ಗಂಡ ವಿನೋದ ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ರಾಯಚೂರಿನ ಸಿಯಾತಲಾಬ್ ಬಡಾವಣೆಯಲ್ಲಿ ಬಾಡಿಗೆ ಮನೆ. ಮಗಳು ಕಲ್ಯಾಣಿಗೆ ಎರಡು ವರ್ಷ ತುಂಬುವುದರಲ್ಲಿದೆ. ಈಗ ನಾನು ಮತ್ತೆ ಗರ್ಭಿಣಿ. ಒಂದನ್ನು ಸಾಕಲು ಇಷ್ಟು ಒದ್ದಾಡುವವಳಿಗೆ ಇನ್ನೊಂದು ಯಾಕೆ ಬೇಕಿತ್ತು ಎಂದು ತಮಗನ್ನಿಸಬಹುದು. ನಮ್ಮ ಓಣಿಯವರೂ ಹೀಗೇ ಕೇಳುತ್ತಾರೆ. ಇನ್ನೊಂದು ಮಗು ಬೇಕೆನ್ನಿಸಿತು, ಅಷ್ಟೇ. ಇದಕ್ಕೂ ಮೇಲಿನವರ ಮಂಜೂರಾತಿ ಪಡೆಯಬೇಕಿತ್ತು ಎಂಬುದು ನಮಗೆ ತಿಳಿದಿರಲಿಲ್ಲ.

ಕಲ್ಯಾಣಿ ಹುಟ್ಟಿದಾಗ ರಜೆ ಸಿಕ್ಕಿತು, ಸಂಬಳವೂ ಬಂತು. ಇಲ್ಲವೆನ್ನಲಾರೆ. ರಜೆ ಮುಗಿಯುವ ದಿನ ಕೂಸಿಗೆ ಇನ್ನೂ ನೆಟ್ಟಗೆ ಕೂರಲು ಬರುತ್ತಿರಲಿಲ್ಲ. ಸರಕಾರದ ಲೆಕ್ಕದಲ್ಲಿ ಅದು ಅಂದಿನಿಂದ ಸ್ವತಂತ್ರವಾಗಿ ಬದುಕಬೇಕು. ನಮ್ಮವ್ವ ಗೋಪಮ್ಮ ಅರಕೇರಾದಿಂದ ಬಂದು ಕೂತಳು. ಆದರೆ ನನ್ನ ತಮ್ಮ ಅಮರೇಶ ಹೆಂಡತಿಯ ಜೊತೆ ದುಡಿಯಲು ದೂರದ ಊರಿಗೆ ಹೊರಟಾಗ, ಅವನ ಇಬ್ಬರು ಮಕ್ಕಳೂ ಅವ್ವನ ಕೊರಳಿಗೇ ಬಿದ್ದವು. ಅವ್ವ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಅಂದಳು:

“ನಿನ್ನ ಕೂಸಿಗಿ ನಾ ಇಲ್ಲಿ ಕುಂತ್ರ, ಅಲ್ಲಿ ಆ ಎರಡಕ್ಕ ಯಾರು ಕೂಳು ಹಾಕ್ತಾರವ್ವಾ? ನನ್ನ ಕೂಲಿ ಬಿಟ್ಟು ಬಂದೀನಿ. ಎಷ್ಟು ಅಂತ ಬಿಡ್ಲಿ?”

ಮಾನ್ಯರೇ, ದೇವದುರ್ಗ ತಾಲೂಕಿನ ಯಾವ ಹಳ್ಳಿಗೆ ಬೇಕಾದರೂ ಹೋಗಿ ನೋಡಿ. ದುಡಿಯಲು ಹೋದವರ ಮಕ್ಕಳು ಕಟ್ಟೆಯ ಮೇಲೆ ಮುದುಕಿಯರ ಸುತ್ತ ಆಡುತ್ತಿರುತ್ತವೆ. ಈ ಮುದುಕಿಯರೇ ತಮ್ಮ ಶಿಶುಪಾಲನಾ ಕೇಂದ್ರಗಳು. ಇವರಿಗೆ ಅನುದಾನವಿಲ್ಲ, ನಾಮಫಲಕವಿಲ್ಲ, ರಜೆಯಿಲ್ಲ, ಉದ್ಘಾಟನೆಯೂ ಆಗಿಲ್ಲ. ಇವರ ಮಂಡಿ ಕೈಕೊಟ್ಟ ದಿನ ಇಲಾಖೆ ಏನು ಮಾಡುತ್ತದೆ ಎಂದು ಯಾರಾದರೂ ಯೋಚಿಸಿದ್ದೀರಾ?

ಅವ್ವ ಹೋದ ಮೇಲೆ ನಾವು ಪೇಟೆಯ ಒಂದು ಪ್ಲೇಹೋಮಿಗೆ ಹೋದೆವು. ಗೋಡೆಯ ತುಂಬ ನಗುವ ಆನೆ, ನಗುವ ಮೊಲ. ಶುಲ್ಕ ಕೇಳಿದ ಮೇಲೆ ಅವು ಯಾಕೆ ನಗುತ್ತಿವೆ ಎಂಬುದು ಗೊತ್ತಾಯಿತು. ನನ್ನ ಸಂಬಳದ ಅರ್ಧಕ್ಕಿಂತ ಹೆಚ್ಚು. ಸೇರಿಸಿಕೊಳ್ಳಲು ಬೇರೆ, ಸಮವಸ್ತ್ರಕ್ಕೆ ಬೇರೆ. ಇನ್ನೂ ಅಂಬೆಗಾಲಿಡುವ ಕೂಸಿಗೆ ಸಮವಸ್ತ್ರ!

“ಡೈಪರ್ ನೀವೇ ತರಬೇಕ್ರೀ, ಊಟ ನೀವೇ ಕಟ್ಟಬೇಕು, ಹಾಲು ಬಾಟ್ಲಿಯೊಳಗ ಕೊಟ್ಟು ಹೋಗಬೇಕು,” ಎಂದರು ಅಲ್ಲಿನ ಮೇಡಂ.

“ಮತ್ತ ನೀವೇನು ಮಾಡ್ತೀರ್ರೀ?” ಎಂದು ವಿನೋದ ಕೇಳಿದರು.

“ನಾವು ಡೆವಲಪ್‌ಮೆಂಟ್ ಮಾಡ್ತೀವ್ರೀ.”

ಡೆವಲಪ್‌ಮೆಂಟ್ ಶುರುವಾಗುತ್ತಿದ್ದದ್ದು ಬಿಸಿಲೇರಿದ ಮೇಲೆ. ನನ್ನ ಬಸ್ಸು ಹೊರಡುವುದು ಕತ್ತಲಿರುವಾಗಲೇ. ಹಾಗಾಗಿ ಬೆಳಿಗ್ಗೆ ಕೂಸನ್ನು ಬಿಟ್ಟು ಹೋಗುವ ಕೆಲಸ ವಿನೋದರದು, ದಿನಾ ಮಾನ್ವಿಗೆ ತಡವಾಗಿ ಹೋಗಿ ಮಾಲೀಕರಿಂದ ಬೈಸಿಕೊಳ್ಳುವ ಕೆಲಸವೂ ಅವರದೇ. ಸಂಜೆ ಕರೆತರುವ ಕೆಲಸ ನನ್ನದು. ತಡವಾದರೆ ದಂಡ. ಒಂದು ಸಂಜೆ ಗಬ್ಬೂರಿನ ಆಚೆ ಬಸ್ಸು ಕೆಟ್ಟು ನಿಂತಿತು. ಬೇರೆ ಬಸ್ಸಿಗೆ ಪ್ರಯಾಣಿಕರನ್ನು ಹತ್ತಿಸಿ, ಡಿಪೋದಲ್ಲಿ ಹಣ ಕಟ್ಟಿ, ಓಡಿ ಹೋದರೆ ಪ್ಲೇಹೋಮಿನ ಬಾಗಿಲು ಹಾಕಿತ್ತು. ಕಲ್ಯಾಣಿ ಪಕ್ಕದ ಜೆರಾಕ್ಸ್ ಅಂಗಡಿಯ ಕೌಂಟರಿನ ಮೇಲೆ, ಅತ್ತು ಅತ್ತು ಸುಸ್ತಾಗಿ, ಕಾಗದದ ಕಟ್ಟಿಗೆ ಒರಗಿ ನಿದ್ದೆ ಹೋಗಿದ್ದಳು. ಅಂಗಡಿಯ ದಸ್ತಗೀರ್ ಸಾಬ್ ತಮ್ಮ ಟವೆಲು ಹೊದಿಸಿದ್ದರು. ಅವರಿಗೆ ಯಾರೂ ಶುಲ್ಕ ಕೊಟ್ಟಿರಲಿಲ್ಲ. ಮರುದಿನ ಪ್ಲೇಹೋಮಿನವರು ದಂಡ ಕೇಳಿದರು. ದಂಡ ಕಟ್ಟಿ, ಕೂಸನ್ನು ಬಿಡಿಸಿಕೊಂಡು ಬಂದೆವು.

ಆಮೇಲೆ ನಮ್ಮನ್ನು ಕಾಪಾಡಿದ್ದು ಪಕ್ಕದ ಮನೆಯ ಸರ್ವರಿ ಬೇಗಂ. ಗಂಡ ತೀರಿದ ಮೇಲೆ ಒಬ್ಬರೇ ಇರುವ ಮುದುಕಿ. “ಬೇಟಿ, ಪೈಸಾದ್ದು ಆಮ್ಯಾಲ ಮಾತಾಡೋಣು, ಬಚ್ಚಿ ಇಲ್ಲಿರ್ಲಿ,” ಎಂದು ತಾವೇ ಕೈಚಾಚಿ ಎತ್ತಿಕೊಂಡರು. ನಾವು ಕೈಲಾದಷ್ಟು ಕೊಟ್ಟೆವು. ಕಲ್ಯಾಣಿ ಅವರ ಮನೆಯಲ್ಲಿ ಹಲ್ಲು ಮೂಡಿಸಿಕೊಂಡಳು, ಅವರ ಮಂಚ ಹಿಡಿದು ಎದ್ದು ನಿಂತಳು, ನಡೆದಳು. ಮಗು ನಡೆದರೆ ಎಲ್ಲ ತಾಯಂದಿರೂ ಹಿಗ್ಗುತ್ತಾರೆ. ನನಗೆ ಒಳಗೇ ಹೆದರಿಕೆಯಾಯಿತು. ಹೆದರಿದಂತೆಯೇ ಆಯಿತು. ಒಂದು ದಿನ ಕೂಸು ಹೊಸಲು ದಾಟಿ ರಸ್ತೆಗಿಳಿಯಿತು, ಆಟೋ ಒಂದು ಅದರ ಮುಂದೆ ಕಿರ್ರನೆ ಬ್ರೇಕು ಹಾಕಿತು. ಏನೂ ಆಗಲಿಲ್ಲ. ಆದರೆ ನಾನು ಮನೆಗೆ ಬರುವಷ್ಟರಲ್ಲಿ ಸರ್ವರಿ ಬೇಗಂ ನಮ್ಮ ಬಾಗಿಲಲ್ಲಿ ಕೂತು ಅಳುತ್ತಿದ್ದರು.

“ಇಕಿ ಓಡ್ತಾಳ ಬೇಟಿ, ನನಗ ಓಡಾಕ ಬರಂಗಿಲ್ಲ. ನಾಳಿ ಏನಾರ ಆದ್ರ ನಿನಗೇನು ಹೇಳ್ಲಿ, ಅಲ್ಲಾಗ ಏನು ಜವಾಬು ಕೊಡ್ಲಿ?”

ಅವರ ಕೈಹಿಡಿದು ಸಮಾಧಾನ ಮಾಡಿದೆ. ಕೂಸಿನ ಹೊಣೆ ಸರಿಯಾಗಿ ಹೊರಲಾಗದೆಂದು ಅತ್ತವರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಹೊರಬೇಕಾದ ಹುದ್ದೆಯಲ್ಲಿರುವವರು ಅತ್ತದ್ದನ್ನು ಕಂಡಿಲ್ಲ.

ಆಗಲೇ ನಾನು ತಮ್ಮ ಕಚೇರಿಗೆ ಬಂದದ್ದು. ತಾವು ಸಭೆಯಲ್ಲಿದ್ದಿರಿ. ಮಕ್ಕಳ ಕುರಿತ ಸಭೆಯೇ ಇದ್ದೀತು. ಗೋಡೆಯ ಮೇಲೆ ‘ಮಗು ನಾಡಿನ ಸಂಪತ್ತು’ ಎಂದು ಬರೆಸಿದ್ದೀರಿ, ಅಕ್ಷರ ಚೆನ್ನಾಗಿ ಬಂದಿದೆ. ಅದರ ಕೆಳಗೆ ಕೂತಿದ್ದ ಸಿಬ್ಬಂದಿಯನ್ನು ಕೇಳಿದೆ. ಅಂಗನವಾಡಿಗೆ ಕಳಿಸಬೇಕಾದರೆ ಮೂರು ವರ್ಷ ತುಂಬಬೇಕು, ಅದೂ ಮಧ್ಯಾಹ್ನದವರೆಗೆ ಎಂದರು. ಚಿಕ್ಕ ಕೂಸುಗಳಿಗೆ ಏನೂ ಇಲ್ಲವೇ ಎಂದೆ.

“ಕೂಸು ನೋಡಿಕೊಳ್ಳೋ ಮನಿ ಅದರೀ, ಹಳ್ಳ್ಯಾಗ. ಕೂಲಿ ಮಾಡೋರ ಕೂಸಿಗಿ. ನೀವು ನೌಕರದಾರ್ರು.”

“ನಮ್ಮವ್ವ ಕೂಲಿ ಮಾಡ್ತಾಳ್ರೀ. ಅಕಿ ಹೆಸರಿಲೆ ನನ್ನ ಕೂಸಿನ ಬಿಡಬಹುದೇನ್ರೀ?”

“ಬರಂಗಿಲ್ರೀ. ಅಕಿನೇ ಹಡದ ಕೂಸಾಗಿರಬೇಕು.”

ಅಂದರೆ ನಮ್ಮವ್ವ ಈ ವಯಸ್ಸಿನಲ್ಲಿ ಒಂದು ಹೆತ್ತರೆ ಅದಕ್ಕೆ ಜಾಗವಿದೆ, ನಾನು ಹೆತ್ತದ್ದಕ್ಕಿಲ್ಲ. ಈ ಸವಲತ್ತನ್ನು ಫೋನಿನಲ್ಲಿ ಅವ್ವನಿಗೆ ತಿಳಿಸಿದೆ. ಅವಳು ಬಹಳ ದಿನದ ಮೇಲೆ ಮನಸಾರೆ ನಕ್ಕಳು. ತಮ್ಮ ಇಲಾಖೆಯಿಂದ ನಮ್ಮ ಮನೆಗೆ ಸಂದ ಉಪಕಾರ ಅದೊಂದೇ. ಮರೆಯಲಾರೆ.

ಇಬ್ಬರಲ್ಲಿ ಒಬ್ಬರು ಕೆಲಸ ಬಿಡಿ ಎಂದು ಎಲ್ಲರೂ ಬುದ್ಧಿ ಹೇಳಿದರು. ‘ಒಬ್ಬರು’ ಎಂದರೆ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ವಿನೋದ ಒಬ್ಬರೇ “ನಾನೇ ಬಿಡ್ತೀನಿ” ಎಂದವರು. ಆದರೆ ಬಾಡಿಗೆ, ಅವರ ತಂಗಿಯ ಓದು, ಅವ್ವನಿಗೆ ಕಳಿಸುವುದು, ಒಂದೇ ಸಂಬಳದಲ್ಲಿ ಸಾಗುವಂತಿರಲಿಲ್ಲ. ಕೊನೆಗೆ ನಾನು ಕಲ್ಯಾಣಿಯನ್ನು ಬಸ್ಸಿಗೇ ಕರೆದೊಯ್ದೆ.

ಅದು ತಪ್ಪು. ನಿಯಮ ನನಗೂ ಗೊತ್ತು. ಆದರೂ ಆ ಕೆಲವು ದಿನ ನಾನು ಕಂಡದ್ದನ್ನು ಹೇಳಲೇಬೇಕು. ಈಗ ಹೆಂಗಸರಿಗೆ ಪ್ರಯಾಣ ಉಚಿತ, ಬಸ್ಸಿನ ತುಂಬ ಅವರೇ. ಹತ್ತಿ ಬಿಡಿಸಲು ಹೋಗುವವರು, ಆಸ್ಪತ್ರೆಗೆ ಹೋಗುವವರು, ಸಂತೆಗೆ ಹೋಗುವವರು. ನಾನು ಟಿಕೆಟ್ ಹರಿಯುತ್ತ ಹಿಂದೆ ಹೋದಂತೆ ಕಲ್ಯಾಣಿ ಒಂದು ಮಡಿಲಿನಿಂದ ಇನ್ನೊಂದು ಮಡಿಲಿಗೆ ಸಾಗಿ ಬರುತ್ತಿದ್ದಳು. ಗಬ್ಬೂರಿನಲ್ಲಿ ಹತ್ತುವ ಬಂಡೆಮ್ಮ ಎಂಬ ಕುರಿಗಾರರ ಮನೆಯ ಅಜ್ಜಿ ಅವಳಿಗಾಗಿ ಸೆರಗಿನಲ್ಲಿ ಶೇಂಗಾ ಬೆಲ್ಲ ಕಟ್ಟಿಕೊಂಡೇ ಬರುತ್ತಿದ್ದಳು.

ಒಂದು ಬೆಳಿಗ್ಗೆ, ದೇವದುರ್ಗದಿಂದ ವಾಪಸು ಬರುವಾಗ, ಕಲ್ಮಲಾದ ಹತ್ತಿರ ಚೆಕಿಂಗ್ ಸಾಹೇಬರು ಹತ್ತಿದರು. ಯಾರೋ ದೂರು ಕೊಟ್ಟಿದ್ದರಂತೆ. ಟಿಕೆಟ್ಟಿನ ಕಡೆ ನೋಡಲೇ ಇಲ್ಲ. ಸೀದಾ ಹೋಗಿ, ಕಲ್ಯಾಣಿಯನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದ ಬಂಡೆಮ್ಮನ ಮುಂದೆ ನಿಂತರು.

“ಯಾರ ಕೂಸ್ರೀ ಇದು?”

“ನನ್ನ ಮೊಮ್ಮಗಳ್ರೀ ಸಾಹೇಬ್ರ. ಯಾಕ್ರೀ?” ಎಂದಳು ಅಜ್ಜಿ, ಕಣ್ಣು ಮಿಟುಕಿಸದೆ.

“ಹೌದ್ರೀ, ಅಕಿ ಮೊಮ್ಮಗಳೇ,” ಎಂದು ಪಕ್ಕದವಳು. “ನಮ್ಮೂರಿನವರೇ ಅದಾರ್ರೀ,” ಎಂದು ಹಿಂದಿನವಳು. ಇಡೀ ಬಸ್ಸು ನನಗಾಗಿ ಸುಳ್ಳು ಹೇಳುತ್ತಿತ್ತು. ಆಗ ಕಲ್ಯಾಣಿ ನನ್ನನ್ನು ನೋಡಿದಳು. ಎರಡೂ ಕೈ ಚಾಚಿ “ಯವ್ವಾ” ಎಂದಳು.

ನಾನು ಮುಖ ತಿರುಗಿಸಿದೆ. ಏನು ಮಾಡಬೇಕೆಂದು ತೋಚದೆ, “ಗಬ್ಬೂರು, ಯಾರ್ರೀ ಗಬ್ಬೂರು, ಮುಂದ ಬರ್ರಿ,” ಎಂದು ಕೂಗಿದೆ. ಗಬ್ಬೂರು ಆಗಲೇ ಹಿಂದೆ ಉಳಿದಿತ್ತು. ಮಗು ಮತ್ತೆ “ಯವ್ವಾ” ಎಂದು ಅಳತೊಡಗಿತು.

“ಯಾರಿಗಿ ಕರಿಯಾಕತ್ತದ ಅದು?” ಎಂದರು ಸಾಹೇಬರು.

“ಹಸದಾಳ್ರೀ. ಹಸದ ಕೂಸು ಕಂಡೋರಿಗೆಲ್ಲ ಯವ್ವಾ ಅಂತದ,” ಎಂದಳು ಬಂಡೆಮ್ಮ.

ಇನ್ನು ನನ್ನಿಂದ ತಡೆಯಲಾಗಲಿಲ್ಲ. ಟಿಕೆಟ್ ಮಷಿನನ್ನು ಸೀಟಿನ ಮೇಲಿಟ್ಟು ಹೋಗಿ ಎತ್ತಿಕೊಂಡೆ. “ನನ್ನ ಮಗಳ್ರೀ ಸಾಹೇಬ್ರ,” ಎಂದೆ.

ಅವರು ಚೀಲದಿಂದ ವರದಿಯ ಕಾಗದ ತೆಗೆದರು. ಆಮೇಲೆ ಪೆನ್ನು ತೆಗೆಯುತ್ತ, “ನೀ ಒಂದು ಗಳಿಗಿ ಸುಮ್ಮನಿದ್ರ ನಾನೂ ಸುಮ್ಮನ ಇಳದು ಹೋಗ್ತಿದ್ದೆ ನೋಡವ್ವಾ. ಈಗ ಬರೀಲೇಬೇಕು,” ಎಂದರು. ಬರೆದರು. ಅವರ ಮೇಲೆ ನನಗೆ ಬೇಸರವಿಲ್ಲ. ಓಡುವ ಬಸ್ಸು ಕೂಸು ಇರುವ ಜಾಗವಲ್ಲ, ನಿಜ. ಹಾಗಾದರೆ ಯಾವುದು ಜಾಗ? ಅದನ್ನು ಬರೆಯಲು ಅವರ ಕಾಗದದಲ್ಲಿ ಅಂಕಣವಿರಲಿಲ್ಲ.

ಕಲ್ಯಾಣಿ ಈಗ ಅರಕೇರಾದಲ್ಲಿದ್ದಾಳೆ. ಅವ್ವ ಮೂರೂ ಮಕ್ಕಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾಳೆ, ಬೇವಿನ ಕೊಂಬೆಗೆ ಸೀರೆ ಕಟ್ಟಿ ಚಿಕ್ಕವಳನ್ನು ಮಲಗಿಸಿ ಕಳೆ ತೆಗೆಯುತ್ತಾಳೆ. ನನಗೀಗ ಗರ್ಭಿಣಿಯೆಂದು ಬಸ್ ನಿಲ್ದಾಣದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ವಾರದ ರಜೆಗೆ ಊರಿಗೆ ಹೋಗುತ್ತೇನೆ. ಕಳೆದ ವಾರ ಹೋದಾಗ ಕಲ್ಯಾಣಿ ಅಜ್ಜಿಯ ಹಿಂದೆ ಅಡಗಿಕೊಂಡಳು.

“ನಿಮ್ಮವ್ವ ಬಂದಾಳ, ಹೋಗು,” ಎಂದಳು ಅವ್ವ. ಮಗು ಅಜ್ಜಿಯ ಸೀರೆಯನ್ನು ಇನ್ನಷ್ಟು ಬಿಗಿ ಹಿಡಿದು, ಅವಳ ಮುಖವನ್ನೇ ನೋಡಿ, “ಯವ್ವಾ,” ಎಂದಳು.

ನಾನು ತಂದಿದ್ದ ಬಿಸ್ಕತ್ತನ್ನು ಕಟ್ಟೆಯ ಮೇಲಿಟ್ಟು ಕೂತೆ. ಅವ್ವನೇ ಸಮಾಧಾನ ಹೇಳಿದಳು: “ಮನಸಿಗಿ ಹಚ್ಚಿಕೋಬ್ಯಾಡವ್ವಾ. ನೀ ಸಣ್ಣಾಕಿದ್ದಾಗ ನಾ ದುಡಿಯಾಕ ಹೋಗಿ ಬಂದ್ರ, ನೀನೂ ಹಿಂಗೇ ನಿಮ್ಮಜ್ಜಿ ಹಿಂದ ಅಡಗತಿದ್ದಿ.”

ಈ ಮಾತು ನನ್ನ ಎದೆಯಲ್ಲಿ ನೆಟ್ಟಿದೆ. ಅವ್ವ ಓದಲಿಲ್ಲ, ಕೂಲಿಗೆ ಹೋದಳು, ನನ್ನನ್ನು ಬಿಟ್ಟು ಹೋದಳು. ನಾನು ಓದಿದೆ, ನೌಕರಿ ಹಿಡಿದೆ, ನನ್ನ ಮಗಳನ್ನು ಬಿಟ್ಟು ಬಂದೆ. ಓದಿಸಿದರೆ ಮಗಳ ಬದುಕು ಬೇರೆಯಾಗುತ್ತದೆ ಎಂದು ನಂಬಿ ಅವ್ವ ಬಿಸಿಲಲ್ಲಿ ಬೆನ್ನು ಬಗ್ಗಿಸಿದಳು. ‘ಹೆಣ್ಣುಮಕ್ಕಳನ್ನು ಓದಿಸಿ’ ಎಂದು ತಾವೂ ಗೋಡೆಗೋಡೆಯ ಮೇಲೆ ಬರೆಸಿದ್ದೀರಿ. ಓದಿದ್ದೇವಲ್ಲ, ಮುಂದೇನು? ಆ ಮುಂದಿನ ಸಾಲು ಬರೆಸಲು ಬಣ್ಣ ಸಾಲಲಿಲ್ಲವೇ?

ನನ್ನ ಬೇಡಿಕೆ ದೊಡ್ಡದಲ್ಲ. ರಾಯಚೂರಿನ ಬಸ್ ನಿಲ್ದಾಣದ ಹತ್ತಿರ ಒಂದು, ದೇವದುರ್ಗದಲ್ಲಿ ಒಂದು, ಮಾನ್ವಿಯಲ್ಲಿ ಒಂದು ಕೂಸು ನೋಡಿಕೊಳ್ಳುವ ಮನೆ ತೆರೆಯಿರಿ. ಮೊದಲ ಬಸ್ಸಿಗಿಂತ ಮುಂಚೆ ಅದರ ಬಾಗಿಲು ತೆಗೆಯಲಿ, ಕೊನೆಯ ತಾಯಿ ಬರುವವರೆಗೆ ತೆಗೆದಿರಲಿ. ಆಸ್ಪತ್ರೆಯ ಆಯಾ, ರಸ್ತೆ ಗುಡಿಸುವವಳು, ಅಂಗಡಿಯಲ್ಲಿ ನಿಂತು ಸೀರೆ ತೋರಿಸುವವಳು, ಕಂಡಕ್ಟರು, ಯಾರ ಕೂಸಾದರೂ ಸರಿ, ಹೊಟ್ಟೆಗೆ ಹಾಕಿ ಮಲಗಿಸಲಿ. ನಾವು ಪುಕ್ಕಟೆ ಕೇಳುತ್ತಿಲ್ಲ, ಸಂಬಳಕ್ಕೆ ತಕ್ಕಷ್ಟು ಕೊಡುತ್ತೇವೆ. ಅಲ್ಲಿ ದುಡಿಯುವ ಹೆಂಗಸರಿಗೂ ಬದುಕುವಷ್ಟು ಸಂಬಳ ಕೊಡಿ, ಅವರಿಗೂ ಮಕ್ಕಳಿರುತ್ತವೆ. ಕಾರ್ಯಸಾಧ್ಯತೆ ಪರಿಶೀಲಿಸಲು ಸಮಿತಿ ಮಾಡುವುದಿದ್ದರೆ, ಸಭೆಯನ್ನು ಬೆಳಗಿನ ಮೊದಲ ಬಸ್ಸಿನ ಹೊತ್ತಿಗೆ ಕರೆಯಿರಿ, ಸದಸ್ಯರೆಲ್ಲ ತಮ್ಮ ತಮ್ಮ ಮನೆಯ ಚಿಕ್ಕ ಕೂಸನ್ನು ಎತ್ತಿಕೊಂಡು ಬರಲಿ. ತೀರ್ಮಾನ ಬೇಗ ಆದೀತು.

ಹೊಟ್ಟೆಯಲ್ಲಿರುವುದು ಈ ಬೇಸಿಗೆಗೆ ಮುಂಚೆ ಬರುತ್ತದೆ. ಅದರ ರಜೆಯೂ ಒಂದು ದಿನ ಮುಗಿಯುತ್ತದೆ. ಅರಕೇರಾದ ಆ ಬೇವಿನ ಮರದಲ್ಲಿ ಇನ್ನೊಂದು ಸೀರೆ ಕಟ್ಟುವಷ್ಟು ಕೊಂಬೆಯಿದೆ, ಆದರೆ ನಮ್ಮವ್ವನಲ್ಲಿ ಇನ್ನೊಂದು ಕೂಸನ್ನು ಎತ್ತುವಷ್ಟು ಕಸುವಿಲ್ಲ. ಆ ರಜೆ ಮುಗಿಯುವುದಕ್ಕೆ ಮುಂಚೆ ಉತ್ತರ ಬೇಕು.

ಇಂತಿ,
ಹೆತ್ತದ್ದನ್ನು ಬಿಟ್ಟು ಬಂದು, ಹೊತ್ತದ್ದನ್ನು ಎಲ್ಲಿ ಬಿಡಬೇಕೆಂದು ಕೇಳುತ್ತಿರುವ,
ಮೌನೇಶ್ವರಿ
ಕಂಡಕ್ಟರ್, ರಾಯಚೂರು