ಹತ್ತು ಪಟ್ಟಾಗದ ಸಿಗ್ನಲ್ಲು

ಜುಲೈ ೧೦, ಬುಧವಾರ

ಸೋಮವಾರದ ಲ್ಯಾಬಿಗೆಂದು ಮನೆಯಲ್ಲಿ ಕಟ್ಟುತ್ತಿರುವ ಆಪ್-ಆಂಪ್ ಸರ್ಕ್ಯೂಟ್ ಇವತ್ತೂ ಕೈಕೊಟ್ಟಿತು. ಸಿಗ್ನಲ್ಲು ಹತ್ತು ಪಟ್ಟು ಹಿಗ್ಗಬೇಕಿತ್ತು; ಹತ್ತರಲ್ಲೊಂದು ಪಾಲಾಗಿ ಕುಗ್ಗಿ ಹೊರಬಂತು. ಐಸಿ ಬದಲಿಸಿದೆ, ಬೈದೂ ನೋಡಿದೆ. ಮೇಜಿನ ತುಂಬ ಸಾಮಾನು, ಮನೆಯೊಳಗೆ ಬರೀ ನಾನು.

ವರ್ಗವಾಗಿ ಬೇರೆ ಊರಿನ ಕಾಲೇಜು ಸೇರಿರುವ ನನ್ನವಳಿಗೆ ಫೋನ್ ಮಾಡಿದೆ. ಇಲ್ಲಿದ್ದಾಗ ರೆಸಿಸ್ಟರಿನ ಬಣ್ಣ ಓದುವುದು ಅವಳ ಕೆಲಸ, ಜೋಡಿಸುವುದು ನನ್ನದು.

"ಕಣ್ಣು ಬಿಟ್ಟು ನೋಡಿದ್ರಾ? ಕಿತ್ತಳೆ ಪಟ್ಟೆದು ಇನ್‌ಪುಟ್ ಕಡೆ, ಹಳದಿದು ಔಟ್‌ಪುಟ್ ಕಡೆ!"

ನೋಡಿದರೆ ಎರಡೂ ಅದಲುಬದಲು. ಅವಳು ಮಾತಾಡುತ್ತಿರುವಾಗಲೇ ಸರಿಮಾಡಿದೆ. ಆಸಿಲೋಸ್ಕೋಪಿನ ಪರದೆಯ ಮೇಲೆ ಅಲೆ ಎದ್ದು ನಿಂತಿತು. ಆದರೆ ಸರಿಹೋಯಿತು ಎಂದರೆ ಅವಳು ಫೋನ್ ಇಟ್ಟುಬಿಡುತ್ತಾಳೆ.

"ಇಲ್ಲ ಕಣೇ, ಹಾಗೇ ಇದೆ."

"ಅಯ್ಯೋ ನಿಮ್ಮ! ಇನ್ನು ಮುಟ್ಬೇಡಿ. ಶನಿವಾರ ನಾನೇ ಬಂದು ನೋಡ್ತೀನಿ."

ಬಾ ಎಂದು ಕರೆದೂ ಕರೆದೂ ಸಾಕಾಗಿತ್ತು. ಪ್ರತಿ ಸಲವೂ ಮೀಟಿಂಗು, ಗೀಟಿಂಗು ಎನ್ನುತ್ತಿದ್ದಳು.

ಈಗ ಎರಡೂ ರೆಸಿಸ್ಟರ್ ಕಿತ್ತು, ಮತ್ತೆ ತಪ್ಪಾಗಿಯೇ ಚುಚ್ಚಿಟ್ಟು ಬಂದು ಕೂತಿದ್ದೇನೆ. ನಾಳೆ ಗುರುವಾರ. ಆಮೇಲೆ ಶುಕ್ರವಾರ ಬೇರೆ ಇದೆ, ಅದೊಂದು ಯಾಕಾದರೂ...