ಕೆಂಪು ಮಷೀನು ಬೇಡ, ಮುತ್ಯಾ

ವಿಜಯಪುರ
ನೆರಳು ಶಕೆ ಎಪ್ಪತ್ತೊಂದು, ಎರಡನೆಯ ಉರಿಮಾಸದ ಮೂವತ್ನಾಲ್ಕನೆಯ ದಿನ

ಪೂಜ್ಯ ಗುರುಪಾದಪ್ಪ ಮುತ್ಯಾ ಅವರಿಗೆ, ನಿಮ್ಮ ಮೊಮ್ಮಗನ ಮೊಮ್ಮಗಳು ನೀಲಗಂಗಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗದು, ಹುಡುಕಬೇಡಿ. ಬೇಸಿಗೆ ವರ್ಷದಿಂದ ವರ್ಷಕ್ಕೆ ಉದ್ದವಾಗಿ, ಕೊನೆಗೆ ನಾವು ಅದಕ್ಕೆಂದೇ ಎರಡು ತಿಂಗಳು ಬಿಟ್ಟುಕೊಟ್ಟು ಉರಿಮಾಸ ಎಂದು ಹೆಸರಿಟ್ಟೆವು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಸಿಟ್ಟು ಕಂಡರೆ ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಕಳಿಸುವ ಪತ್ರ, ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಬರೆಯಲು ಸಿಗುತ್ತದೆ. ಪಕ್ಕದ ಮನೆಯಾಕೆ ಅದರಲ್ಲಿ ತನ್ನ ಮುತ್ತಜ್ಜಿಗೆ ಉಪ್ಪಿನಕಾಯಿಯ ಹದ ಕೇಳಿದಳು. ನಾನು ನಿಮಗೆ ಕೊಂಬೆ ಚೂರು ಮಾಡುವ ಮಷೀನಿನ ಬಗ್ಗೆ ಬರೆಯುತ್ತ ಕೂತಿದ್ದೇನೆ. ನನ್ನ ಹಣೆಬರಹ.

ಇಲ್ಲಿ ಬೆಳಿಗ್ಗೆ ಒಂಬತ್ತಾದ ಮೇಲೆ ಬಿಸಿಲಿಗೆ ಕಾಲಿಡುವವರಿಲ್ಲ. ಮನೆಯಿಂದ ಶಾಲೆಗೆ, ಶಾಲೆಯಿಂದ ಸಂತೆಗೆ, ಎಲ್ಲ ಕಡೆಗೂ ನೆರಳುದಾರಿಗಳಿವೆ. ಎರಡೂ ಬದಿ ಬೇವು, ಹುಣಸೆ, ಜಾಲಿ; ಮೇಲೆ ಕೊಂಬೆಗೆ ಕೊಂಬೆ ಕೂಡಿಸಿದ ಚಪ್ಪರ. ಗೋಳಗುಮ್ಮಟದಿಂದ ಸ್ಟೇಷನ್ನಿನವರೆಗೆ ತಲೆಗೆ ಬಿಸಿಲು ತಾಗದಂತೆ ನಡೆಯಬಹುದು. ಈ ದಾರಿಗಳನ್ನು ನೋಡಿಕೊಳ್ಳುವ ನಮಗೆ ನೆರಳಿನವರು ಎನ್ನುತ್ತಾರೆ. ನೀವು ನಾಲ್ಕು ಜನರನ್ನು ಕಟ್ಟಿಕೊಂಡು ಶುರು ಮಾಡಿದ ಮರ ಸವರುವ ಕೆಲಸದ ಮೇಲೆ ಈಗ ಇಡೀ ಊರು ನಿಂತಿದೆ. ಒಣಗಿದ ಕೊಂಬೆ ಇಳಿಸಿ, ಅಲ್ಲೇ ಮಷೀನಿಗೆ ಕೊಟ್ಟು, ಬಂದ ಚೂರನ್ನು ಮರದ ಬುಡಕ್ಕೆ ಗೇಣು ದಪ್ಪ ಹೊದಿಸಬೇಕು. ಹೊದಿಕೆ ತಪ್ಪಿದ ಮರ ಒಂದು ಉರಿಮಾಸ ದಾಟುವುದಿಲ್ಲ. ಆ ಮಷೀನಿಗೆ ನೀವು ವುಡ್ ಚಿಪ್ಪರ್ ಎನ್ನುತ್ತಿದ್ದಿರಿ. ನಾವು ಬಕ ಎನ್ನುತ್ತೇವೆ, ಅದರ ಹಸಿವು ಹಾಗಿದೆ.

ನಿಮ್ಮ ಡೈರಿ ನನ್ನ ಬಳಿ ಇದೆ. ನಾಳೆ, ಅಂದರೆ ಈ ಓಲೆ ನಿಮ್ಮ ಕೈಸೇರಿದ ಮರುದಿನ, ನೀವು ಮಷೀನು ನೋಡಲು ಅಂಗಡಿಗೆ ಹೋಗಲಿದ್ದೀರಿ. ಅಲ್ಲಿ ಎರಡಿವೆ, ಒಂದು ಕೆಂಪು, ಒಂದು ಹಸಿರು. ಅಂಗಡಿಯವನು ಕೆಂಪು ಮಷೀನಿಗೆ ನೀಲಗಿರಿಯ ಒಣ ಗಳಗಳನ್ನು ಒಂದೊಂದಾಗಿ ಕೊಡುತ್ತಾನೆ. “ಬೆಣ್ಣಿ ಕೊಯ್ದಂಗ ಕೊಯ್ತು” ಎಂದು ಬರೆದುಕೊಂಡು, ಅದನ್ನೇ ಕೊಂಡು ಬರುತ್ತೀರಿ. ಮುತ್ಯಾ, ಇಡೀ ಜನ್ಮದಲ್ಲಿ ನೀವು ಎಷ್ಟು ನೀಲಗಿರಿ ಕಡಿದಿರಿ? ನಿಮ್ಮ ಕೆಲಸವೆಲ್ಲ ಜಾಲಿ, ಹುಣಸೆ, ಬೇವು. ಒಂದು ಕೊಂಬೆಯಾದರೂ ನೆಟ್ಟಗಿದೆಯೇ? ಎತ್ತು ಕೊಳ್ಳುವಾಗ ಹಲ್ಲು ಎಣಿಸುವವರು, ಜೋಳ ಕೊಳ್ಳುವಾಗ ಕಾಳು ಕಡಿದು ನೋಡುವವರು, ಮಷೀನು ಕೊಳ್ಳುವಾಗ ಮಾತ್ರ ಮಾರುವವನ ಕಟ್ಟಿಗೆಯನ್ನೇ ನಂಬಿದಿರಿ!

ಕೆಂಪಿನ ಬಾಯಿ ಗೇಣಗಲ. ಕವಲುಳ್ಳ ಕೊಂಬೆ ಒಳಗೆ ಹೋಗುವಾಗ ಬಾಯಿಯ ಅಂಚಿನ ಅಡ್ಡಪಟ್ಟಿಗೆ ತಟ್ಟುತ್ತದೆ, ಮಷೀನು ನಿಲ್ಲುತ್ತದೆ. ಆ ಪಟ್ಟಿ ಇರುವುದೇ ನಿಲ್ಲಿಸಲು. ಕೊಂಬೆಯ ಜೊತೆ ಕೆಲಸಗಾರನೂ ಒಳಗೆ ಸೆಳೆಯಲ್ಪಟ್ಟರೆ ಅವನ ತೊಡೆ ಅದಕ್ಕೆ ತಗುಲಿ, ಕೊಂಬೆಯನ್ನು ಒಳಗೆಳೆಯುವ ಉರುಳೆಗಳು ನಿಲ್ಲಬೇಕು. ಆದರೆ ಘಳಿಗೆಗೊಮ್ಮೆ ನಿಲ್ಲುವ ಮಷೀನು ನೋಡಿ ನಿಮಗೆ ಮೊದಲ ವಾರದಲ್ಲೇ ತಲೆ ಕೆಟ್ಟಿತು. ಆಯುಧ, ಮಷೀನುಗಳಿಗೆಲ್ಲ ಪೂಜೆ ಮಾಡುವ ಖಂಡೇಪೂಜೆಯ ದಿನ ಡೈರಿಯಲ್ಲಿ ಒಂದೇ ಸಾಲು: “ಪಟ್ಟಿ ಪೂಜಾದ ದಾರದಿಂದ ಬಿಗಿದೆ, ಈಗ ಆರಾಮ.”

ಆರಾಮ ನಿಮಗಾಯಿತು. ನಿಮ್ಮ ಮಗ ಕುಂಕುಮ ಹತ್ತಿದ ದಾರ ಬಿಚ್ಚಲು ಹೆದರಿದ. ಮೊಮ್ಮಗ ಪ್ರತಿ ವರ್ಷ ಹೊಸ ದಾರ ಕಟ್ಟಿದ. ಅವನ ಮಕ್ಕಳ ಕಾಲಕ್ಕೆ ಅದು ಪಟ್ಟಿ ಕಟ್ಟುವ ಶಾಸ್ತ್ರವಾಯಿತು. ಬಕನ ಮುಂದೆ ಹೊಸದಾಗಿ ನಿಲ್ಲುವವರು ಸ್ನಾನ ಮಾಡಿ ಬಂದು ಪಟ್ಟಿಗೆ ಐದು ಸುತ್ತು ದಾರ ಬಿಗಿಯಬೇಕು. ಎಂಜಿನ್ ಮೂರು ಸಲ ಬದಲಾಯಿತು, ಬ್ಲೇಡು ಎಷ್ಟು ಸಲವೋ ಗೊತ್ತಿಲ್ಲ. ಬಾಯಿ ಮಾತ್ರ ಅದೇ ಗೇಣು, ಯಾಕೆಂದರೆ ಅದು ಮುತ್ಯಾನ ಅಳತೆ. ಪಟ್ಟಿ ಯಾಕಿದೆ ಎಂದು ಕೇಳಿದರೆ, ದಾರ ಕಟ್ಟಲಿಕ್ಕೆ ಎನ್ನುತ್ತಾರೆ.

ಹೋದ ವರ್ಷ ನನ್ನ ತಮ್ಮ ರೇವಣ್ಣನ ಅಂಗಿಯ ತೋಳಿಗೆ ಜಾಲಿಮುಳ್ಳು ಸಿಕ್ಕಿಕೊಂಡಿತು. ಅವನ ತೊಡೆ ಪಟ್ಟಿಗೆ ಬಡಿದದ್ದನ್ನು ನಾನು ಕಣ್ಣಾರೆ ಕಂಡೆ. ಪಟ್ಟಿ ಅಲುಗಲಿಲ್ಲ. ದಾರ ಗಟ್ಟಿಯಾಗಿತ್ತು, ಆ ವರ್ಷ ಹೊಸಬರು ಯಾರೂ ಇಲ್ಲದ್ದರಿಂದ ಅದನ್ನು ಕಟ್ಟಿದವಳು ನಾನೇ. ಅವನ ಬಲಗೈ ಮೊಣಕೈವರೆಗೆ ಹೋಯಿತು. ನಾನು ನಿಮ್ಮ ಡೈರಿ ತೆರೆದದ್ದು ಆಮೇಲೆ.

ತಂಡದ ಹಿರಿಯರಾದ ವಿರೂಪಾಕ್ಷ ಕಾಕಾಗೆ ಆ ಸಾಲನ್ನು ಓದಿ ಹೇಳಿದೆ. “ದಾರ ಬಿಚ್ಚಬ್ಯಾಡ ಯವ್ವಾ. ನಾವೂ ಒಮ್ಮೆ ಬಿಚ್ಚಿ ನೋಡೇವಿ. ಬಕ ಸಿಟ್ಟಾಗಿ ನಿಂತಬಿಟ್ಟಿತ್ತು” ಎಂದರು. ಅದು ಸಿಟ್ಟಲ್ಲ, ನಿಲ್ಲುವುದೇ ಅದರ ಕೆಲಸ ಎಂದು ಎಷ್ಟು ಬಡಕೊಂಡರೂ ಅವರ ಕಿವಿಗೆ ಹೋಗಲಿಲ್ಲ. ನನ್ನ ಗಂಟಲು ಹರಿದದ್ದಷ್ಟೇ ಬಂತು.

ನಾಡಿದ್ದು ಇಲ್ಲಿ ಖಂಡೇಪೂಜೆ, ಈಗ ಅದೂ ಉರಿಮಾಸದಲ್ಲೇ ಬರುತ್ತದೆ. ನನ್ನ ಮಗಳು ಚಂಪಾಗೆ ಹತ್ತೊಂಬತ್ತು ತುಂಬಿದೆ, ಈ ಸಲ ಬಕನ ಮುಂದೆ ನಿಲ್ಲುವ ಸರದಿ ಅವಳದು. ದಾರಕ್ಕೆ ಅರಿಶಿನ ಹಚ್ಚಿ ಒಣಗಲು ಹಾಕಿದ್ದಾಳೆ, ಹಿಗ್ಗಿ ಹೀರೇಕಾಯಿಯಾಗಿದ್ದಾಳೆ.

ಆದ್ದರಿಂದ ನಾಳೆ ಅಂಗಡಿಗೆ ಕೈಬೀಸಿಕೊಂಡು ಹೋಗಬೇಡಿ. ಟೆಂಪೋದಲ್ಲಿ ಹಸಿ ಜಾಲಿ, ಕವಲೊಡೆದ ಹುಣಸೆ, ಎಲೆ ಸಮೇತ ಬೇವು ತುಂಬಿಕೊಂಡು ಹೋಗಿ, ಎರಡೂ ಮಷೀನಿಗೆ ಕೊಟ್ಟು ನೋಡಿ. ಹಸಿರಿನ ಬಾಯಿ ಮೊಳದಗಲ, ಉರುಳೆಗಳು ಮೇಲೊಂದು ಕೆಳಗೊಂದು, ಕವಲನ್ನು ಅದುಮಿ ಒಳಗೆಳೆಯುತ್ತವೆ. ಪಟ್ಟಿ ಕೊಂಬೆಗೆ ತಾಗದೆ ಮನುಷ್ಯನಿಗೆ ತಾಗುವ ಜಾಗದಲ್ಲಿದೆ. ಇದನ್ನೆಲ್ಲ ನೀವೇ ಬರೆದಿಟ್ಟು, ಕೊನೆಗೆ “ಭಾರ ಭಾಳ, ಓಣ್ಯಾಗ ತಿರಗೂದಿಲ್ಲ” ಎಂದು ಕೈಬಿಟ್ಟಿದ್ದೀರಿ. ಓಣಿಯ ಬಾಯಲ್ಲಿ ನಿಲ್ಲಿಸಿ ಕೊಂಬೆ ಹೊತ್ತು ತನ್ನಿ! ನಾಲ್ಕು ಹೆಜ್ಜೆ ಹೆಚ್ಚು ನಡೆದರೆ ಕಾಲೇನು ಸವೆಯುವುದಿಲ್ಲ. ಯಾವುದನ್ನೇ ಕೊಂಡರೂ ಪಟ್ಟಿ ಮಾತ್ರ ಕಟ್ಟಬೇಡಿ. ನಿಂತರೆ ನಿಲ್ಲಲಿ. ಬೈಯಿರಿ, ಚಹಾ ಕುಡಿಯಿರಿ, ಮತ್ತೆ ಶುರು ಮಾಡಿ.

ಈ ಓಲೆ ಹಾಕಿ ನಾನು ಮನೆಗೆ ಹೋಗುತ್ತೇನೆ. ನೀವು ನನ್ನ ಮಾತು ಕೇಳಿದ್ದರೆ ರೇವಣ್ಣ ಪಡಸಾಲೆಯಲ್ಲಿ ಎರಡೂ ಕೈಯಲ್ಲಿ ರೊಟ್ಟಿ ಮುರಿಯುತ್ತ ಕೂತಿರುತ್ತಾನೆ, ಇದನ್ನೆಲ್ಲ ಯಾಕೆ ಬರೆದೆನೆಂಬುದೂ ನನಗೆ ನೆನಪಿರುವುದಿಲ್ಲ. ಕೇಳದಿದ್ದರೆ, ನಾಡಿದ್ದು ಚಂಪಾ ಕಟ್ಟಿದ ದಾರವನ್ನು ಎಲ್ಲರೆದುರು ನಾನೇ ಕತ್ತರಿಸುತ್ತೇನೆ. ಬಕ ನಿಲ್ಲುತ್ತದೆ. ಕಾಕಾ ಮಾತು ಬಿಡುತ್ತಾರೆ. ನನ್ನ ಮಗಳು ಅವಮಾನದಿಂದ ಅಳುತ್ತಾಳೆ. ಅಳಲಿ, ಎರಡೂ ಕೈಯಿಂದ ಕಣ್ಣೊರೆಸಿಕೊಳ್ಳಲಿ.

ನಿಮ್ಮ ಮೇಲೆ ಸಿಟ್ಟಿರುವ, ಆದರೂ ನಿಮ್ಮವಳೇ ಆದ
ನೀಲಗಂಗಾ