ಮಾದರಿಯ ಗುಂಡಿಗೆ ಇಳಿದ ನಮ್ಮ ಬಾವಿಯ ನೀರು

ಖನಿಜ ಶೋಧನಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಗುಡ್ಡದಿಂದ ತೆಗೆದ ಅದಿರಿನ ಮಾದರಿಯನ್ನು ನೀವೇ ಕೆಡಿಸಿಕೊಂಡು, ಈಗ ಎರಡನೆಯ ಮಾದರಿಗೆ ಗುಡ್ಡದ ಬುಡದಲ್ಲಿರುವ ನಮ್ಮ ಹಿತ್ತಲಿನ ಮೇಲೆ ಕಣ್ಣು ಹಾಕಿದ್ದೀರಿ. ಇದಕ್ಕೆ ನನ್ನ ವಿರೋಧವಿದೆ. ನಿಮ್ಮ ಕಚೇರಿಯ ಬಾಗಿಲಲ್ಲಿ ಹೇಳಿ ಹೇಳಿ ಬಾಯಿ ನೋವು ಬಂದದ್ದರಿಂದ, ಊರೆಲ್ಲ ಕೇಳಲಿ ಎಂದು ಬರೆಯುತ್ತಿದ್ದೇನೆ.

ಮಾದರಿ ಎಂದರೆ ಮುಷ್ಟಿಯಷ್ಟು ಎಂದುಕೊಂಡಿದ್ದ ದಡ್ಡರು ನಾವು. ಮೊದಲ ಸಲ ನಿಮ್ಮವರು ಸಣ್ಣ ರಂಧ್ರ ಕೊರೆದು, ಕೋಲಿನಂಥ ಕಲ್ಲುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು ಹೋದಾಗ ನಾವೇ ಚಹಾ ಕೊಟ್ಟಿದ್ದೆವು. ಆಮೇಲೆ ತಿಳಿಯಿತು, ಅದಿರು ಇದೆಯೆಂದು ಗೊತ್ತಾದರೆ ಸಾಲದಂತೆ. ಗಿರಣಿಗೆ ಹಾಕಿದರೆ ಎಷ್ಟು ಲೋಹ ಕೈಗೆ ಬರುತ್ತದೆಂದು ನೋಡಲು ‘ಬೃಹತ್ ಮಾದರಿ’ ಬೇಕಂತೆ. ಬಂಡೆ ಸಿಡಿಸಿದಿರಿ, ಲಾರಿಗಟ್ಟಲೆ ಅಗೆದಿರಿ. ಇರಲಿ, ವಿಜ್ಞಾನಕ್ಕೂ ಹೊಟ್ಟೆ ಇರುತ್ತದೆ. ಅದಿರಿನ ರಾಶಿ ಒಂದು ಕಡೆ, ಕೆಲಸಕ್ಕೆ ಬಾರದ ಕಲ್ಲಿನ ರಾಶಿ ಇನ್ನೊಂದು ಕಡೆ ಇಟ್ಟದ್ದೂ ಸರಿಯೇ. ಆದರೆ ಮೇಲಿನವರು ಪರಿಶೀಲನೆಗೆ ಬರುತ್ತಾರೆ, ಅಂಗಳ ಚೊಕ್ಕಟವಾಗಿ ಕಾಣಬೇಕು ಎಂದು ಎರಡನ್ನೂ ಯಂತ್ರದಿಂದ ತಳ್ಳಿಸಿ ಒಂದೇ ರಾಶಿ ಮಾಡಿಸಿದ ಪುಣ್ಯಾತ್ಮರು ಯಾರು? ಬಂದವರೂ ಅಚ್ಚುಕಟ್ಟುತನ ಮೆಚ್ಚಿ, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋದರಲ್ಲ! ಈಗ ಯಾವುದು ಅದಿರು, ಯಾವುದು ಕಸ ಎಂದು ಆ ರಾಶಿಗೇ ಗೊತ್ತಿಲ್ಲ.

ನನ್ನ ಅಕ್ಕ ಆಸ್ಪತ್ರೆಯ ಹಾಸು-ಹೊದಿಕೆ ಒಗೆಯುತ್ತಾಳೆ, ನಾನು ಇಸ್ತ್ರಿ ಮಾಡುತ್ತೇನೆ. ಮನೆ ನಡೆಯುವುದು ಹಿತ್ತಲಿನ ಬಾವಿಯಿಂದ. ನಿಮ್ಮ ಗುಂಡಿ ಆಳಕ್ಕೆ ಇಳಿದಂತೆಲ್ಲ ಬಾವಿಯ ನೀರೂ ಇಳಿಯಿತು. ಈಗ ಬಿಂದಿಗೆ ಬಿಟ್ಟರೆ ತಳದ ಕಲ್ಲಿಗೆ ಬಡಿಯುತ್ತದೆ. ದೂರು ಹೇಳಲು ಹೋದರೆ ನಿಮ್ಮ ಭೂವಿಜ್ಞಾನಿಗಳು, “ಬಾವಿಗೂ ಗುಂಡಿಗೂ ಸಂಬಂಧಾನೇ ಇಲ್ಲ ಕಣ್ರೀ” ಎಂದರು. ಹಾಗಾದರೆ ಎರಡನೆಯ ಮಾದರಿಯನ್ನೂ ಹಳೆಯ ಗುಂಡಿಯಲ್ಲೇ ತೆಗೆಯಿರಿ ಎಂದೆ.

“ಅಲ್ಲಿ ಆಗಲ್ಲ. ಗುಂಡಿ ತುಂಬಾ ನೀರು.”

“ಎಲ್ಲಿಂದ ಬಂತು ಸ್ವಾಮಿ?”

“ಅದನ್ನ ಇನ್ನೂ ಅಧ್ಯಯನ ಮಾಡ್ಬೇಕು.”

ನೀವು ಅಧ್ಯಯನ ಮುಗಿಸುವವರೆಗೆ ಆಸ್ಪತ್ರೆಯ ರೋಗಿಗಳು ಕೊಳಕು ಹೊದಿಕೆಯಲ್ಲಿ ಮಲಗಲು ಒಪ್ಪುತ್ತಾರೆಯೇ? ಅಕ್ಕ ಬಟ್ಟೆಯ ಗಂಟು ಹೊತ್ತು ಗುಂಡಿಯ ಬಳಿಗೇ ಹೋದಳು. ಕಾವಲುಗಾರ ತಡೆದು, “ಸರ್ಕಾರದ ನೀರು ಅಕ್ಕಾ, ಮುಟ್ಟೋ ಹಾಗಿಲ್ಲ” ಎಂದನಂತೆ. “ಮೊನ್ನೆವರೆಗೂ ನನ್ನ ಬಾವೀಲಿತ್ತು ಕಣಪ್ಪಾ. ಅದಕ್ಕೆ ಸರ್ಕಾರಿ ನೌಕರಿ ಯಾವಾಗ ಸಿಕ್ತು?” ಎಂದು ಕೇಳಿ ಹಿಂದಿರುಗಿದಳು. ಕೇಳಿ ನನಗೆ ನಗು ಬಂತು. ಅವಳು ಗಂಟನ್ನು ಕೆಳಗಿಟ್ಟು, ಅದರ ಮೇಲೆಯೇ ಕೂತು ಅತ್ತಳು. ಆಸ್ಪತ್ರೆಯವರು ಒಗೆಯಲು ಬೇರೆಯವರನ್ನು ನೋಡಿಕೊಳ್ಳುವುದಾಗಿ ಆಗಲೇ ಹೇಳಿಬಿಟ್ಟಿದ್ದರು. ನನ್ನ ಹೊಟ್ಟೆ ಉರಿಯುತ್ತಿದೆ, ಮಾನ್ಯರೇ. ಇದನ್ನು ಕಚೇರಿಯ ಭಾಷೆಯಲ್ಲಿ ಹೇಗೆ ಬರೆಯಬೇಕೋ ನನಗೆ ತಿಳಿಯದು.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಗುಂಡಿಗೆ ಪಂಪು ಹಚ್ಚಿ, ಆ ನೀರನ್ನು ಅಕ್ಕನ ತೊಟ್ಟಿಗೆ ಬಿಡಿ. ಗುಂಡಿ ಬರಿದಾದ ಮೇಲೆ ನಿಮ್ಮ ಮಾದರಿಯನ್ನು ಅಲ್ಲೇ ತೆಗೆಯಿರಿ. ಅದು ಬಿಟ್ಟು ಹಿತ್ತಲಿಗೆ ಯಂತ್ರ ತಂದರೆ, ಬಾವಿಯೊಳಗೆ ಇಳಿದು ಕೂರುವುದಾಗಿ ಅಕ್ಕ ಹೇಳಿದ್ದಾಳೆ. ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ಅವಳ ಹಿಂದೆ ನಾನೂ ಇಳಿಯುತ್ತೇನೆ. ಇಬ್ಬರು ಆರಾಮವಾಗಿ ಕೂರುವಷ್ಟು ಒಣ ಜಾಗ ಈಗ ಅಲ್ಲಿದೆ, ನೀವೇ ಮಾಡಿಕೊಟ್ಟದ್ದು.

ಇಂತಿ,
ನಿಮ್ಮ ಮುಂದಿನ ಮಾದರಿಯ ಮೇಲೆ ಸದ್ಯಕ್ಕೆ ವಾಸವಾಗಿರುವ
ಒಬ್ಬ ಇಸ್ತ್ರಿಯವ